ಹೋರಿಗೆ ಇರುವ ಶಾಲೆ, ಮನುಷ್ಯನಿಗೆ ಸಿಗದ ಪಾಠ

ಹೆಸರಘಟ್ಟ ಅಂದ ತಕ್ಷಣ ಬೆಂಗಳೂರಿನವರಿಗೆ ಮೂರ್ನಾಲ್ಕು ವಿಷಯ ನೆನಪಾಗುತ್ತವೆ. 1894ರಲ್ಲಿ ಕಟ್ಟಿದ ಕೆರೆ, ಅದರ ಪಕ್ಕದ ಹುಲ್ಲುಗಾವಲು, 1990ರಲ್ಲಿ ಪ್ರತಿಮಾ ಬೇಡಿ ಶುರು ಮಾಡಿದ ನೃತ್ಯಗ್ರಾಮ, ಭಾನುವಾರ ಬೆಳಿಗ್ಗೆ ಕುತ್ತಿಗೆಗೆ ಕ್ಯಾಮರಾ ನೇತುಹಾಕಿಕೊಂಡು ಬರುವ ಹಕ್ಕಿಪ್ರಿಯರು. ಯಾರೂ ಫೋಟೋ ತೆಗೆಯದ ಇನ್ನೊಂದು ಜಾಗ ಇಲ್ಲಿದೆ. ಕೇಂದ್ರ ಸರ್ಕಾರದ ಘನೀಕೃತ ವೀರ್ಯ ಉತ್ಪಾದನೆ ಮತ್ತು ತರಬೇತಿ ಸಂಸ್ಥೆ. 1969ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಶುರುವಾದದ್ದು. ಒಳ್ಳೆ ತಳಿಯ ಹೋರಿ, ಕೋಣಗಳಿಂದ ವೀರ್ಯ ಸಂಗ್ರಹಿಸಿ, ಸಣ್ಣ ಸಣ್ಣ ಕಡ್ಡಿಗಳಲ್ಲಿ ತುಂಬಿ, ದ್ರವ ಸಾರಜನಕದಲ್ಲಿಟ್ಟು ದೂರದೂರಕ್ಕೆ ಕಳಿಸುತ್ತಾರೆ. ಹೆಸರಲ್ಲೇ ‘ತರಬೇತಿ’ ಅಂತ ಇದೆ ನೋಡಿ. ಪಶುವೈದ್ಯರು ಇಲ್ಲಿಗೆ ಬಂದು ಕಲಿತು ಹೋಗುತ್ತಾರೆ.

ಈ ವಿಷಯದಲ್ಲಿ ನಮ್ಮ ಜನಕ್ಕೆ ಒಂದು ಚೂರೂ ಸಂಕೋಚವಿಲ್ಲ. ಯಶವಂತಪುರದಿಂದ ಎಂಟನೇ ಮೈಲಿಯಲ್ಲಿ ಬಲಕ್ಕೆ ತಿರುಗಿ ಬರುವ ಬಸ್ಸಿನಲ್ಲಿ ಯಾರಾದರೂ ಯಜಮಾನರು ಫೋನಿನಲ್ಲಿ “ಹಸು ಬೆದೆಗೆ ಬಂದೈತೆ, ಡಾಕ್ಟ್ರಿಗೆ ಹೇಳಪ್ಪ” ಅಂತ ಕೂಗಿ ಹೇಳಿದರೆ ಪಕ್ಕದಲ್ಲಿ ಕೂತ ಹೆಂಗಸರೂ ತಿರುಗಿ ನೋಡುವುದಿಲ್ಲ. ಎಲ್ಲರಿಗೂ ಅರ್ಥವಾಗುವ ಮಾತು, ಎಲ್ಲರ ಎದುರೂ ಆಡಬಹುದಾದ ಮಾತು. ದನದ ವಿಷಯದಲ್ಲಿ ಕನ್ನಡಕ್ಕೆ ಪದಗಳಿವೆ, ಶಾಲೆಯೂ ಇದೆ.

ಈಗ ಅದೇ ರಸ್ತೆಯಲ್ಲಿ ಸ್ವಲ್ಪ ಹಿಂದಕ್ಕೆ ಬನ್ನಿ. ಚಿಕ್ಕಬಾಣಾವರ, ಸೋಲದೇವನಹಳ್ಳಿ ಸುತ್ತಮುತ್ತ ಒಂದರ ಪಕ್ಕ ಒಂದು ಕಾಲೇಜು. ನರ್ಸಿಂಗು, ಫಿಸಿಯೋಥೆರಪಿ, ಫಾರ್ಮಸಿ, ಒಂದು ಮೆಡಿಕಲ್ ಕಾಲೇಜೂ ಇದೆ. ಬಿಳಿ ಕೋಟು ತೊಟ್ಟ ಹುಡುಗ ಹುಡುಗಿಯರು ಬೆಳಿಗ್ಗೆ ಎಂಟಕ್ಕೆ ಬಸ್ ಸ್ಟಾಪಿನಲ್ಲಿ ನಿಂತಿರುತ್ತಾರೆ. ಇಂಥವರಲ್ಲಿ ಒಬ್ಬಳನ್ನು ಕಲ್ಪಿಸಿಕೊಳ್ಳಿ. ಇಪ್ಪತ್ತೊಂದು ವರ್ಷ, ಆಕ್ಯುಪೇಷನಲ್ ಥೆರಪಿ ಓದುತ್ತಿದ್ದಾಳೆ. ಅವಳ ಮುಂದೆ ತೆಂಗಿನಮರದಿಂದ ಬಿದ್ದು ಬೆನ್ನುಹುರಿ ಮುರಿದುಕೊಂಡ ಮೂವತ್ತರ ಗಂಡಸು. ಮಂಚದಿಂದ ಗಾಲಿಕುರ್ಚಿಗೆ ಜಾರುವುದು ಹೇಗೆ, ಕೂತೇ ಪ್ಯಾಂಟು ಹಾಕಿಕೊಳ್ಳುವುದು ಹೇಗೆ ಅಂತ ಚೆನ್ನಾಗಿ ಹೇಳಿಕೊಟ್ಟಿದ್ದಾಳೆ. ನಾಳೆ ಡಿಸ್ಚಾರ್ಜು. ಆತ ತಲೆ ತಗ್ಗಿಸಿ ಕೇಳುತ್ತಾನೆ, “ಮನೆಗೆ ಹೋದ್ಮೇಲೆ ಸಂಸಾರ ಮಾಡಬೌದೇನಮ್ಮಾ?”

ಅವಳು ಉತ್ಸಾಹದಿಂದ ಹೇಳುತ್ತಾಳೆ, “ಮಾಡಬಹುದಲ್ಲ ಅಣ್ಣಾ, ಅಡುಗೆಮನೆ ಕಟ್ಟೆ ಸ್ವಲ್ಪ ತಗ್ಗಿಸಬೇಕು ಅಷ್ಟೇ!”

ನಗು ಬರುತ್ತೆ. ಆದರೆ ಆತ ಇನ್ನೊಂದು ಸಲ ಕೇಳುವುದಿಲ್ಲ. ಇನ್ಯಾರನ್ನೂ ಕೇಳುವುದಿಲ್ಲ. ಅದೇ ಈ ಬರಹದ ವಿಷಯ. ಮೈಗೆ ಪೆಟ್ಟಾದವರ ದಾಂಪತ್ಯ, ಆಸೆ, ನಾಚಿಕೆ, ಹೆದರಿಕೆಗಳ ಬಗ್ಗೆ ಮಾತಾಡಲು ಥೆರಪಿ ಕಲಿಯುವ ಮಕ್ಕಳನ್ನು ಯಾರು, ಯಾವಾಗ, ಹೇಗೆ ತಯಾರು ಮಾಡಿದರು? ಹೊರಗಿನ ದೇಶಗಳಲ್ಲಿ ಏನಾಯಿತು, ನಮ್ಮಲ್ಲಿ ಏನಾಯಿತು, ಏನಾಗಲಿಲ್ಲ?

ಮೊದಲು ಈ ವೃತ್ತಿಯ ಬಗ್ಗೆ ಎರಡು ಮಾತು. ‘ಔದ್ಯೋಗಿಕ ಚಿಕಿತ್ಸೆ’ ಅಂತ ಕನ್ನಡದಲ್ಲಿ ಬರೆಯುತ್ತಾರೆ. ಕೇಳಿದರೆ ನಿರುದ್ಯೋಗಿಗಳಿಗೆ ಕೆಲಸ ಕೊಡಿಸುವ ಆಫೀಸು ಅನ್ನಿಸುತ್ತೆ :-) ಅಸಲಿಗೆ ಇಲ್ಲಿ ಉದ್ಯೋಗ ಅಂದರೆ ಸಂಬಳದ ಕೆಲಸ ಮಾತ್ರ ಅಲ್ಲ, ಮನುಷ್ಯ ದಿನಾ ಮಾಡುವ ಎಲ್ಲವೂ. ಹಲ್ಲುಜ್ಜುವುದು, ಸ್ನಾನ, ಬಟ್ಟೆ, ಅಡುಗೆ, ಬಸ್ ಹತ್ತುವುದು, ಮಗುವನ್ನು ಎತ್ತಿಕೊಳ್ಳುವುದು. ಪಾರ್ಶ್ವವಾಯು ಬಂದ ಕೈಯಲ್ಲಿ ಮತ್ತೆ ಚಪಾತಿ ಲಟ್ಟಿಸುವ ಹಾಗೆ ಮಾಡುವುದು ಇವರ ಕೆಲಸ. 1917ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಕ್ಲಿಫ್ಟನ್ ಸ್ಪ್ರಿಂಗ್ಸ್ ಎಂಬ ಊರಲ್ಲಿ ಕೆಲವೇ ಜನ ಸೇರಿ ಇದರ ಸಂಘ ಕಟ್ಟಿದರು. ಆಗ ಮೊದಲ ಮಹಾಯುದ್ಧ ನಡೆಯುತ್ತಿತ್ತು. ಗಾಯಗೊಂಡು ಬಂದ ಸೈನಿಕರ ಜೊತೆಗೇ ಈ ವೃತ್ತಿ ಬೆಳೆಯಿತು.

ಇದಕ್ಕೊಂದು ತತ್ವ ಕೊಟ್ಟವರು ಅಡಾಲ್ಫ್ ಮೇಯರ್ ಎಂಬ ಮನೋವೈದ್ಯರು. 1921ರ ಭಾಷಣವೊಂದರಲ್ಲಿ ಅವರು, ಆರೋಗ್ಯ ಅಂದರೆ ಕೆಲಸ, ಆಟ, ವಿಶ್ರಾಂತಿ, ನಿದ್ದೆ ಈ ನಾಲ್ಕರ ಲಯ ಎಂದರು. ಎಷ್ಟು ಚೆನ್ನಾಗಿದೆ ಅಲ್ವಾ? ಆದರೆ ಗಮನಿಸಿ, ನಿದ್ದೆಯವರೆಗೂ ಬಂದರು, ಹಾಸಿಗೆ ಹಾಸಿದರು, ಪಕ್ಕದಲ್ಲಿ ಮಲಗಿದವರ ಸುದ್ದಿ ಎತ್ತಲಿಲ್ಲ! ಆ ಕಾಲಕ್ಕೆ ಅದು ಸಹಜವೇ. ಆ ಮೌನ ಮಾತ್ರ ಮುಂದಿನ ಐವತ್ತು ವರ್ಷ ಪಠ್ಯದೊಳಗೇ ಕೂತುಬಿಟ್ಟಿತು.

ಮೌನ ಒಡೆಯಲು ಇನ್ನೊಂದು ಯುದ್ಧ ಬೇಕಾಯಿತು. ಬೆನ್ನುಹುರಿ ಮುರಿದವರು ಅದಕ್ಕೂ ಮೊದಲು ಹೆಚ್ಚು ಕಾಲ ಬದುಕುತ್ತಲೇ ಇರಲಿಲ್ಲ. ಮೂತ್ರದ ಸೋಂಕು, ಹಾಸಿಗೆ ಹುಣ್ಣು, ಮುಗಿಯಿತು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಲುಡ್ವಿಗ್ ಗುಟ್‌ಮನ್ ಬೆನ್ನುಹುರಿ ಘಟಕ ಶುರು ಮಾಡಿದ ಮೇಲೆ ಇವರು ಬದುಕತೊಡಗಿದರು. ಇಪ್ಪತ್ತೈದರ ಹುಡುಗ ಇನ್ನೂ ನಲವತ್ತು ವರ್ಷ ಬದುಕುತ್ತಾನೆ ಅಂದಾಗ ‘ಮದುವೆ?’, ‘ಮಕ್ಕಳು?’ ಎಂಬ ಪ್ರಶ್ನೆ ತಾನಾಗಿಯೇ ಬರುತ್ತದಲ್ಲ. ಇದೇ ಗುಟ್‌ಮನ್ ಶುರು ಮಾಡಿದ ಗಾಲಿಕುರ್ಚಿ ಆಟಗಳು ಮುಂದೆ ಪ್ಯಾರಾಲಿಂಪಿಕ್ಸ್ ಆದವು. ಅದು ಎಲ್ಲರಿಗೂ ಗೊತ್ತು, ಟೀವಿಯಲ್ಲಿ ಬರುತ್ತದೆ. ಈ ಇನ್ನೊಂದು ಪ್ರಶ್ನೆ ಟೀವಿಯಲ್ಲಿ ಬರುವುದಿಲ್ಲ.

ಈಗ ನಮ್ಮ ಕಡೆಗೆ ಬರೋಣ. ನಾವೇನೋ ಯಾವಾಗಲೂ ಬಾಯಿ ಮುಚ್ಚಿಕೊಂಡಿದ್ದ ಜನ, ಇದೆಲ್ಲ ಪಾಶ್ಚಾತ್ಯರ ಗಲಾಟೆ ಅನ್ನುವವರಿಗೆ ಕೆಲವು ವಿಷಯ ನೆನಪಿಸಬೇಕು. ಹನ್ನೊಂದನೇ ಶತಮಾನದಲ್ಲೇ ಚಂದ್ರರಾಜ ‘ಮದನತಿಲಕ’ ಅಂತ ಕನ್ನಡದಲ್ಲಿ ಕಾಮಶಾಸ್ತ್ರ ಬರೆದಿದ್ದ. ಅದು ಅರಮನೆಯ ಮಾತು, ಬಿಡಿ. 1930ಕ್ಕೆ ಬನ್ನಿ. ನಾಲ್ವಡಿಯವರ ಕಾಲ, ಮಿರ್ಜಾ ಇಸ್ಮಾಯಿಲ್ ದಿವಾನರು. ಮೈಸೂರು ಸರ್ಕಾರ ರಾಜ್ಯದ ಮುಖ್ಯ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್ಕುಗಳನ್ನು ತೆರೆಯಲು ಆದೇಶ ಹೊರಡಿಸಿತು. ಸರ್ಕಾರವೇ ಮುಂದೆ ನಿಂತು ಇಂಥ ಕ್ಲಿನಿಕ್ ನಡೆಸಿದ್ದು ಜಗತ್ತಿನಲ್ಲೇ ಮೊದಲು ಅಂತ ಇತಿಹಾಸಕಾರರು ಸಾಮಾನ್ಯವಾಗಿ ಹೇಳುತ್ತಾರೆ. ಬ್ರಿಟಿಷ್ ಇಂಡಿಯಾ ಮೀನಮೇಷ ಎಣಿಸುತ್ತಿದ್ದಾಗ!

ಇದಕ್ಕಿಂತ ನನಗೆ ಇಷ್ಟವಾಗುವ ಕಥೆ ರಾಮನಗರದ್ದು. ಹೆಸರಘಟ್ಟ ಕೆರೆಗೆ ನೀರು ತರುವ ಅರ್ಕಾವತಿ ಇಲ್ಲಿಂದ ತಿಪ್ಪಗೊಂಡನಹಳ್ಳಿಗೆ ಹೋಗಿ, ಮುಂದೆ ರಾಮನಗರ ದಾಟಿ ಕಾವೇರಿ ಸೇರುತ್ತದೆ. ಹಾಗಾಗಿ ಅದೂ ನಮ್ಮ ಹೊಳೆಯ ಊರೇ ಅನ್ನಿ. 1952ರ ಹೊತ್ತಿಗೆ ಅಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನ ಒಂದು ಪ್ರಯೋಗ ನಡೆಯಿತು. ಆಗಿನ ಕೇಂದ್ರ ಆರೋಗ್ಯ ಮಂತ್ರಿ ರಾಜಕುಮಾರಿ ಅಮೃತ್ ಕೌರ್ ಗಾಂಧೀವಾದಿ. ಔಷಧ, ಸಾಧನಗಳು ಬೇಡ, ತಿಂಗಳಿನ ‘ಸುರಕ್ಷಿತ ದಿನ’ ಲೆಕ್ಕ ಹಾಕಿ ಸಂಯಮದಿಂದ ಇರುವುದನ್ನು ಕಲಿಸೋಣ ಅಂತ ಅವರ ಇಚ್ಛೆ. ಅಮೆರಿಕದ ಡಾ. ಅಬ್ರಹಾಂ ಸ್ಟೋನ್ ಬಂದರು. ಓದು ಬಾರದ ಹೆಂಗಸರು ದಿನ ಎಣಿಸಲಿ ಅಂತ ಬಣ್ಣಬಣ್ಣದ ಮಣಿಗಳ ಸರ ಮಾಡಿಕೊಟ್ಟರು. ಒಂದು ದಿನಕ್ಕೆ ಒಂದು ಮಣಿ ಸರಿಸಬೇಕು, ಬಣ್ಣ ನೋಡಿ ಗಂಡನ ಹತ್ತಿರ ಹೋಗಬೇಕೋ ಬೇಡವೋ ತಿಳಿಯಬೇಕು.

ಪ್ರಯೋಗ ಗೆಲ್ಲಲಿಲ್ಲ. ಕತ್ತಲಲ್ಲಿ ಮಣಿಯ ಬಣ್ಣ ಕಾಣಲಿಲ್ಲ, ಎಣಿಕೆ ತಪ್ಪಿತು, ಸರವನ್ನೇ ತಾಯಿತ ಅಂದುಕೊಂಡವರೂ ಇದ್ದರು. ಆಮೇಲೆ ಇದನ್ನು ಹೇಳಿಕೊಂಡು ನಕ್ಕವರು ಬಹಳ. ಆದರೆ ಆ ನಗುವಿನಲ್ಲಿ ಒಂದು ದೊಡ್ಡ ಸಂಗತಿ ಮುಚ್ಚಿಹೋಯಿತು. ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಮುಟ್ಟಿನ ಬಗ್ಗೆ, ಗಂಡ ಹೆಂಡತಿ ಕೂಡುವ ಬಗ್ಗೆ ಕನ್ನಡದಲ್ಲಿ ಕೇಳಿದ್ದರು, ಮತ್ತು ಜನ ಉತ್ತರ ಕೊಟ್ಟಿದ್ದರು! ಬಹುಪಾಲು ದಂಪತಿಗಳು ಕಲಿಯುತ್ತೇವೆ ಅಂತ ಮುಂದೆ ಬಂದಿದ್ದರು, ಕೊನೆಯವರೆಗೂ ಪಾಲಿಸಿದವರು ಕಡಿಮೆ ಅಷ್ಟೇ. ನಮ್ಮ ಜನ ಇಂಥದ್ದು ಮಾತಾಡಲ್ಲಪ್ಪ ಅಂತ ಈಗಲೂ ಪಾಠ ಮಾಡುವವರು ಹೇಳುತ್ತಾರಲ್ಲ, 1952ರ ರಾಮನಗರ ಅದನ್ನು ಸುಳ್ಳು ಮಾಡಿತ್ತು. ಕೇಳುವವರಿಗೆ ತರಬೇತಿ ಇತ್ತು, ಹಾಗಾಗಿ ಹೇಳುವವರಿಗೆ ಬಾಯಿ ಬಂತು.

ಅದೇ ಹೊತ್ತಿಗೆ ಮುಂಬೈಯಲ್ಲಿ ಆಕ್ಯುಪೇಷನಲ್ ಥೆರಪಿ ಬೇರು ಬಿಡುತ್ತಿತ್ತು. ಅಮೆರಿಕದಲ್ಲಿ ಎಲಿಜಬೆತ್ ಲಂಡಿಯಾಗಿ ಹುಟ್ಟಿ, ನಿಂಬ್ಕರ್ ಮನೆತನದ ಸೊಸೆಯಾಗಿ ಬಂದ ಕಮಲಾ ನಿಂಬ್ಕರ್ 1950ರಲ್ಲಿ ಕೆ.ಇ.ಎಂ. ಆಸ್ಪತ್ರೆಯಲ್ಲಿ ದೇಶದ ಮೊದಲ ಶಾಲೆ ತೆರೆದರು. 1952ರಲ್ಲಿ ಅಖಿಲ ಭಾರತ ಸಂಘ ಹುಟ್ಟಿತು. ವಿಶ್ವ ಒಕ್ಕೂಟ ಕಟ್ಟಿದ ಹತ್ತು ದೇಶಗಳಲ್ಲಿ ಭಾರತವೂ ಒಂದು. ದೊಡ್ಡ ಹೆಂಗಸು ಅವರು, ಅವರ ಬಗ್ಗೆಯೇ ಬೇರೆ ಬರೆಯಬೇಕು. ಈ ಶಾಲೆಗಳ ಪಾಠಕ್ಕೂ ರಾಮನಗರದಂಥ ಅನುಭವಕ್ಕೂ ಮಾತ್ರ ನಂಟೇ ಬೆಳೆಯಲಿಲ್ಲ. ಕುಟುಂಬ ಯೋಜನೆ ಒಂದು ಇಲಾಖೆ, ಅಂಗವಿಕಲರ ಪುನರ್ವಸತಿ ಇನ್ನೊಂದು ಇಲಾಖೆ. ಅಂಗವಿಕಲರಿಗೆ ಕುಟುಂಬವೇ ಇರುವುದಿಲ್ಲ ಅನ್ನುವ ಹಾಗೆ!

1970ರ ದಶಕದಲ್ಲಿ ಹೊರಗೆ ಗಾಳಿ ಬದಲಾಯಿತು. ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಥಿಯೋಡೋರ್ ಕೋಲ್ ಎಂಬ ಪುನರ್ವಸತಿ ವೈದ್ಯರು ಬೆನ್ನುಹುರಿ ಪೆಟ್ಟಾದವರನ್ನೂ ಸಿಬ್ಬಂದಿಯನ್ನೂ ಒಟ್ಟಿಗೆ ಕೂರಿಸಿ, ನೇರವಾದ ಫಿಲ್ಮುಗಳನ್ನು ತೋರಿಸಿ, ಆಮೇಲೆ ಸಣ್ಣ ಗುಂಪುಗಳಲ್ಲಿ ಮಾತಾಡಿಸುವ ಶಿಬಿರ ನಡೆಸಿದರು. ನಾಚಿಕೆ ಬಿಟ್ಟುಹೋಗಲಿ ಅಂತ. 1975ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯ ಸಿಬ್ಬಂದಿಗೆ ಲೈಂಗಿಕತೆಯ ಬಗ್ಗೆ ತರಬೇತಿ ಬೇಕು ಅಂತ ಒಂದು ಪೂರಾ ವರದಿ ಪ್ರಕಟಿಸಿತು. 1976ರಲ್ಲಿ ಜ್ಯಾಕ್ ಅನ್ನನ್ ಎಂಬ ಮನಶ್ಶಾಸ್ತ್ರಜ್ಞ ‘ಪ್ಲಿಸಿಟ್’ ಎಂಬ ನಾಲ್ಕು ಮೆಟ್ಟಿಲಿನ ದಾರಿ ಕೊಟ್ಟರು. ಇವತ್ತಿಗೂ ಥೆರಪಿ ಶಾಲೆಗಳಲ್ಲಿ ಈ ವಿಷಯ ಬಂದರೆ ಮೊದಲು ಬರುವ ಹೆಸರು ಇದೇ.

ಅದು ಬಹಳ ಸರಳ. ಮೊದಲ ಮೆಟ್ಟಿಲು ಅನುಮತಿ. ಅಂದರೆ, ಈ ವಿಷಯವನ್ನು ನನ್ನ ಹತ್ತಿರ ಎತ್ತಬಹುದು ಅಂತ ಎದುರಿನವರಿಗೆ ತಿಳಿಯುವ ಹಾಗೆ ನಡೆದುಕೊಳ್ಳುವುದು. ಎರಡನೆಯದು ಸ್ವಲ್ಪ ಮಾಹಿತಿ. ಮೂರನೆಯದು ಅವರ ಮೈಗೆ, ಅವರ ಮನೆಗೆ ಹೊಂದುವ ನಿರ್ದಿಷ್ಟ ಸಲಹೆ. ನಾಲ್ಕನೆಯದು ಆಳವಾದ ಚಿಕಿತ್ಸೆ, ಅದು ತಜ್ಞರಿಗೆ ಬಿಟ್ಟದ್ದು. ಹೆಚ್ಚಿನವರಿಗೆ ಮೊದಲ ಎರಡು ಮೆಟ್ಟಿಲೇ ಸಾಕಾಗುತ್ತದೆ ಅನ್ನುವುದು ಇದರ ಜೀವಾಳ. ವಿದ್ಯಾರ್ಥಿಗಳು ಲೈಂಗಿಕ ತಜ್ಞರಾಗಬೇಕಿಲ್ಲ! 2000ದ ದಶಕದಲ್ಲಿ ಬ್ರಿಟನ್ನಿನ ಸ್ಯಾಲಿ ಡೇವಿಸ್ ಮತ್ತು ಬ್ರಿಜೆಟ್ ಟೇಲರ್ ಇದನ್ನು ತಿದ್ದಿ, ಅನುಮತಿ ಅನ್ನುವುದು ಒಮ್ಮೆ ದಾಟಿ ಹೋಗುವ ಮೆಟ್ಟಿಲಲ್ಲ, ಪ್ರತಿ ಹಂತದಲ್ಲೂ ಬೇಕು ಅಂದರು. ಸರಿಯಾದ ಮಾತು. 2002ರಲ್ಲಿ ಅಮೆರಿಕದ ಆಕ್ಯುಪೇಷನಲ್ ಥೆರಪಿ ಸಂಘ ತನ್ನ ವೃತ್ತಿಯ ಚೌಕಟ್ಟನ್ನು ಪ್ರಕಟಿಸಿದಾಗ ಸ್ನಾನ, ಊಟ, ಬಟ್ಟೆಗಳ ಪಟ್ಟಿಯಲ್ಲೇ ಲೈಂಗಿಕ ಕ್ರಿಯೆಯನ್ನೂ ದಿನನಿತ್ಯದ ಚಟುವಟಿಕೆ ಅಂತ ಸೇರಿಸಿತು. ಮೇಯರ್ ಹಾಸಿದ ಹಾಸಿಗೆಯಲ್ಲಿ ಎಂಬತ್ತು ವರ್ಷದ ನಂತರ ಕೊನೆಗೂ ಇಬ್ಬರು ಮಲಗಿದರು.

ಇಲ್ಲಿ ಒಂದು ಪ್ರಶ್ನೆ ಸಹಜ. ಥೆರಪಿಸ್ಟ್ ಇದರಲ್ಲಿ ಹೇಳುವುದಾದರೂ ಏನು? ಬಹಳ ಇದೆ, ಮತ್ತು ಎಲ್ಲ ಮನೆಮಾತಿನಷ್ಟು ಸರಳ. ಸಂಧಿವಾತ ಇದ್ದವರು ಬಿಸಿನೀರಿನ ಸ್ನಾನ ಮಾಡಿ, ನೋವಿನ ಮಾತ್ರೆ ಕೆಲಸ ಮಾಡುವ ಹೊತ್ತು ನೋಡಿಕೊಳ್ಳಬಹುದು. ಪಾರ್ಶ್ವವಾಯು ಆದವರಿಗೆ ಯಾವ ಮಗ್ಗುಲಲ್ಲಿ ದಿಂಬಿನ ಆಸರೆ ಬೇಕು ಅಂತ ತೋರಿಸಬಹುದು. ಬೆನ್ನುಹುರಿ ಪೆಟ್ಟಾದವರು ಮೊದಲು ಮೂತ್ರ ಖಾಲಿ ಮಾಡಿಕೊಳ್ಳಬೇಕು. ಪೆಟ್ಟು ಎದೆಯ ಮಟ್ಟಕ್ಕಿಂತ ಮೇಲಿದ್ದರೆ ಇದ್ದಕ್ಕಿದ್ದ ಹಾಗೆ ತಲೆ ಸಿಡಿಯುವಂತೆ ನೋವು, ಬೆವರು ಬಂದರೆ ಅದು ರಕ್ತದೊತ್ತಡ ಏರಿದ ಅಪಾಯದ ಸೂಚನೆ, ತಕ್ಷಣ ನಿಲ್ಲಿಸಿ ಎದ್ದು ಕೂರಬೇಕು, ಇಳಿಯದಿದ್ದರೆ ಆಸ್ಪತ್ರೆಗೆ ಹೋಗಬೇಕು. ಇದು ಜೀವ ಉಳಿಸುವ ಮಾಹಿತಿ, ಅಶ್ಲೀಲವಲ್ಲ. ಇನ್ನೊಂದು, ಬೆನ್ನುಹುರಿ ಪೆಟ್ಟಾದ ಹೆಣ್ಣಿಗೆ ಮುಟ್ಟು ಕೆಲವು ತಿಂಗಳು ನಿಂತರೂ ಸಾಮಾನ್ಯವಾಗಿ ಮತ್ತೆ ಬರುತ್ತದೆ, ಅವಳು ಬಸಿರಾಗಬಲ್ಲಳು. ‘ಇನ್ನು ಇವಳಿಗೆ ಮಕ್ಕಳಾಗಲ್ಲ’ ಅಂತ ಗಂಡನಿಗೆ ಇನ್ನೊಂದು ಮದುವೆ ಮಾಡುವ ಮನೆಗಳಲ್ಲಿ ಈ ಒಂದು ವಾಕ್ಯ ಯಾರಾದರೂ ಹೇಳಿದರೆ ಎಷ್ಟು ವ್ಯತ್ಯಾಸ ಆಗುತ್ತೆ ಯೋಚಿಸಿ.

ಹೃದಯಾಘಾತದ ವಿಷಯ ಬಂದರೆ ನನಗೆ ಮಹಾಭಾರತದ ಪಾಂಡು ನೆನಪಾಗುತ್ತಾನೆ. ಹೆಂಡತಿಯನ್ನು ಕೂಡಿದರೆ ಸಾಯುತ್ತೀಯ ಅಂತ ಶಾಪ, ಮಾದ್ರಿಯನ್ನು ಅಪ್ಪಿ ಸತ್ತೇಹೋದ. ಯಕ್ಷಗಾನ, ತಾಳಮದ್ದಲೆ, ಹರಿಕಥೆಗಳಲ್ಲಿ ಕೇಳಿ ಕೇಳಿ ನಮ್ಮವರ ತಲೆಯಲ್ಲಿ ಕೂತ ಕಥೆ. ಆಂಜಿಯೋಪ್ಲಾಸ್ಟಿ ಮಾಡಿಸಿಕೊಂಡು ಮನೆಗೆ ಬಂದ ಐವತ್ತರ ಮನುಷ್ಯನ ಹೆಂಡತಿ ಇನ್ನೊಂದು ಕೋಣೆಯಲ್ಲಿ ಮಲಗತೊಡಗುತ್ತಾಳೆ. ಆಕೆಗೆ ತಾನು ಮಾದ್ರಿಯಾಗುವ ಭಯ. ವೈದ್ಯರು ಎಣ್ಣೆ ಕಡಿಮೆ ಮಾಡಿ, ದಿನಾ ನಡೆಯಿರಿ ಅಂದಿರುತ್ತಾರೆ, ಇದೊಂದನ್ನು ಹೇಳಿರುವುದಿಲ್ಲ. ಎರಡು ಮಹಡಿ ಮೆಟ್ಟಿಲನ್ನು ಎದೆನೋವು, ಏದುಸಿರು ಇಲ್ಲದೆ ಹತ್ತಬಲ್ಲವರಾದರೆ ಸಾಮಾನ್ಯವಾಗಿ ತೊಂದರೆಯಿಲ್ಲ, ಆದರೂ ನಿಮ್ಮ ವೈದ್ಯರನ್ನು ಒಮ್ಮೆ ಕೇಳಿ ಅನ್ನುವುದು ಹಳೇ ಅಂದಾಜು. ಮೆಟ್ಟಿಲು ಹತ್ತಿಸಿ ನೋಡುವುದು ಥೆರಪಿಸ್ಟಿನ ಕೆಲಸವೇ. ಶಾಪ ವಿಮೋಚನೆಗೆ ಅಷ್ಟೇ ಸಾಕು :-)

ಹಾಗಾದರೆ ನಮ್ಮ ವಿದ್ಯಾರ್ಥಿಗೆ ಯಾಕೆ ಬಾಯಿ ಬರುವುದಿಲ್ಲ? ಅವಳು ಬಂದ ದಾರಿ ನೋಡಿ. ಹೈಸ್ಕೂಲಿನಲ್ಲಿ ಸಂತಾನೋತ್ಪತ್ತಿಯ ಪಾಠ ಬಂದಾಗ ಮೇಷ್ಟ್ರು ‘ಇದನ್ನ ಮನೇಲಿ ಓದ್ಕೊಳ್ಳಿ’ ಅಂದು ಮುಂದಿನ ಪಾಠಕ್ಕೆ ಹಾರಿರುತ್ತಾರೆ. ನಮ್ಮಲ್ಲಿ ಯಾರನ್ನು ಕೇಳಿದರೂ ಇದೇ ಕಥೆ, ನೀವೂ ನೆನಪು ಮಾಡಿಕೊಳ್ಳಿ. 2007ರಲ್ಲಿ ಶಾಲೆಗಳಿಗೆ ಹದಿಹರೆಯದ ಶಿಕ್ಷಣ ಕಾರ್ಯಕ್ರಮ ತರಲು ಹೊರಟಾಗ ಹಲವು ರಾಜ್ಯಗಳು ಬೇಡವೆಂದು ತಡೆದವು. ಕರ್ನಾಟಕವೂ ಅದರಲ್ಲಿ ಒಂದು. ಎಪ್ಪತ್ತೇಳು ವರ್ಷ ಹಿಂದೆ ಜಗತ್ತಿಗೇ ಮೊದಲಾಗಿ ಕ್ಲಿನಿಕ್ ತೆರೆದ ಮೈಸೂರು ಇದೇನಾ ಅನ್ನಿಸುತ್ತೆ. ಹಾಗೆ ಹಾರಿಬಂದ ಹುಡುಗಿ ಕಾಲೇಜಿಗೆ ಬಂದು ಅಂಗರಚನೆಯನ್ನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡುತ್ತಾಳೆ. ಪರೀಕ್ಷೆಯಲ್ಲಿ ನರಗಳ ಹೆಸರೆಲ್ಲ ಬರೆಯುತ್ತಾಳೆ. ಒಂದು ಕನ್ನಡ ಪದ ಅವಳ ಕೈಯಲ್ಲಿ ಇರುವುದಿಲ್ಲ. ಮನೆಯಲ್ಲಿ ಕೇಳಿದ ಪದಗಳು ಒಂದೋ ಬೈಗುಳ, ಇಲ್ಲವೇ ಪಿಸುಮಾತು. ಪತ್ರಿಕೆಯಲ್ಲಿ ಓದಿದ್ದು ‘ಲೈಂಗಿಕ’ ಅನ್ನುವ ಗಂಟಲಿಗೆ ಸಿಕ್ಕುವ ಪದ. ಹಳ್ಳಿಯ ಯಾವ ಅಣ್ಣನೂ ಅದನ್ನು ಬಳಸುವುದಿಲ್ಲ.

ಅನ್ನನ್ ಹೇಳಿದ ‘ಅನುಮತಿ’ ಮಿನ್ನೆಸೋಟದಲ್ಲಿ ಬಹುಶಃ ಮನಸ್ಸಿನ ವಿಷಯ. ನಮ್ಮಲ್ಲಿ ಅದು ಮೊದಲು ಭಾಷೆಯ ವಿಷಯ ಅಂತ ನನ್ನ ಅನಿಸಿಕೆ. ಕೋಲ್ ಅವರ ಫಿಲ್ಮುಗಳನ್ನು ಬೆಂಗಳೂರಿನ ತರಗತಿಯಲ್ಲಿ ಹಾಕಿದರೆ ಹಿಂದಿನ ಬೆಂಚು ಕಿಸಿಕಿಸಿ ನಗುತ್ತದೆ, ಮುಂದಿನ ಬೆಂಚು ನೆಲ ನೋಡುತ್ತದೆ, ಮಾರನೇ ದಿನ ಯಾರದೋ ಅಪ್ಪ ಪ್ರಿನ್ಸಿಪಾಲರ ಕೋಣೆಯಲ್ಲಿರುತ್ತಾರೆ. ಅದರ ಬದಲು ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ, ಒಬ್ಬರು ತೆಂಗಿನಮರದಿಂದ ಬಿದ್ದ ಅಣ್ಣನಾಗಿ, ಇನ್ನೊಬ್ಬರು ಥೆರಪಿಸ್ಟ್ ಆಗಿ ಕನ್ನಡದಲ್ಲೇ ಹತ್ತು ನಿಮಿಷ ಮಾತಾಡಿಸಿದರೆ ಸಾಕು. ಮೊದಲ ಸಲ ನಗುತ್ತಾರೆ. ಐದನೇ ಸಲಕ್ಕೆ ನಗು ನಿಲ್ಲುತ್ತದೆ.

ಕನ್ನಡದಲ್ಲಿ ಈ ಭಾಷೆಯನ್ನು ಕಟ್ಟಿದವರು ಇಲ್ಲವೇ ಇಲ್ಲ ಅಂತಲ್ಲ. ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನ ಅವರ ‘ದಾಂಪತ್ಯ ದೀಪಿಕೆ’ಯನ್ನು ಮದುವೆಯ ಉಡುಗೊರೆಯಾಗಿ ಕಾಗದ ಸುತ್ತಿ ಕೊಡುತ್ತಿದ್ದ ಕಾಲವಿತ್ತು. ಎಷ್ಟೋ ಮನೆಗಳಲ್ಲಿ ಬೀರುವಿನ ಸೀರೆ ಕೆಳಗೆ ಇದ್ದ ಪುಸ್ತಕ ಅದು. ನಿಮ್ಹಾನ್ಸಿನ ಡಾ. ಸಿ.ಆರ್. ಚಂದ್ರಶೇಖರ್ ಮನಸ್ಸಿನ ಕಾಯಿಲೆಗಳ ಬಗ್ಗೆ ದಶಕಗಟ್ಟಲೆ ಸರಳ ಕನ್ನಡದಲ್ಲಿ ಬರೆದರು. ಡಾ. ಪದ್ಮಿನಿ ಪ್ರಸಾದ್ ಅವರ ಪ್ರಶ್ನೋತ್ತರ ಓದದವರು ಯಾರಿದ್ದಾರೆ (ಓದಿದ್ದೇನೆ ಅಂತ ಒಪ್ಪಿಕೊಳ್ಳದವರು ಇದ್ದಾರೆ!). ಈ ಬರಹಗಳೆಲ್ಲ ಓದುಗರಿಗೆ ತಲುಪಿದವು, ಥೆರಪಿ ತರಗತಿಗೆ ಪಠ್ಯವಾಗಿ ತಲುಪಲಿಲ್ಲ. ಅವುಗಳಲ್ಲಿ ಗಾಲಿಕುರ್ಚಿಯ ದಂಪತಿಗಳೂ ಕಡಿಮೆ.

ಓದಿದವರು ಬಾಯಿ ಮುಚ್ಚಿದ ಜಾಗದಲ್ಲಿ ಬೇರೆಯವರು ಬಾಯಿ ತೆರೆಯುತ್ತಾರೆ. ಮೆಜೆಸ್ಟಿಕ್ಕು, ಯಶವಂತಪುರದ ಗೋಡೆಗಳನ್ನು ನೋಡಿ. ‘ಗುಪ್ತರೋಗ, ನರದೌರ್ಬಲ್ಯ, ಧಾತು ನಷ್ಟ, ಪ್ರತಿ ತಿಂಗಳು ಇಂಥ ತಾರೀಕು ಇಂಥ ಲಾಡ್ಜಿನಲ್ಲಿ ಸಿಗುತ್ತಾರೆ.’ ಅವರ ಕನ್ನಡ ಎಷ್ಟು ಸ್ಪಷ್ಟ ನೋಡಿ! ಪಾರ್ಶ್ವವಾಯು ಆದವನೂ, ಸಕ್ಕರೆ ಕಾಯಿಲೆಯವನೂ, ಮಾನಸಿಕ ಕಾಯಿಲೆಗೆ ಮಾತ್ರೆ ತಿನ್ನುತ್ತಾ ಆಸೆ ಕುಗ್ಗಿತು ಅಂತ ಒದ್ದಾಡುವವನೂ ಕೊನೆಗೆ ಆ ಲಾಡ್ಜಿನ ಮೆಟ್ಟಿಲು ಹತ್ತುತ್ತಾನೆ. ಕೆಲವು ಮಾನಸಿಕ ಔಷಧಗಳಿಗೆ ಈ ಅಡ್ಡಪರಿಣಾಮ ನಿಜಕ್ಕೂ ಇದೆ. ವೈದ್ಯರಿಗೆ ಹೇಳಿದರೆ ಔಷಧ ಬದಲಿಸಬಹುದು, ಪ್ರಮಾಣ ಇಳಿಸಬಹುದು. ಯಾರೂ ಕೇಳದಿದ್ದರೆ ರೋಗಿ ಮಾತ್ರೆಯನ್ನೇ ಬಿಡುತ್ತಾನೆ, ಕಾಯಿಲೆ ಮರಳುತ್ತದೆ. ‘ಮಾತ್ರೆ ಯಾಕೆ ಬಿಟ್ಟೆ’ ಅಂತ ಎಲ್ಲರೂ ಗದರುತ್ತಾರೆ, ಉತ್ತರ ಮಾತ್ರ ಯಾರಿಗೂ ಸಿಗುವುದಿಲ್ಲ.

ಇದರಲ್ಲಿ ಇನ್ನೊಂದು ಕಷ್ಟ ಇದೆ, ಅದನ್ನು ಬಿಟ್ಟು ಮಾತಾಡಿದರೆ ಅನ್ಯಾಯ. ಈ ವಿದ್ಯಾರ್ಥಿಗಳಲ್ಲಿ ಹೆಣ್ಣುಮಕ್ಕಳೇ ಜಾಸ್ತಿ, ಹೆಚ್ಚಿನವರು ಮದುವೆಯಾಗದವರು. ಎದುರಿಗೆ ಇರುವವನು ಎಲ್ಲ ಸಲವೂ ತಲೆ ತಗ್ಗಿಸಿದ ಸಂಕೋಚದ ಅಣ್ಣನೇ ಆಗಿರುವುದಿಲ್ಲ. ಬೇಕೆಂದೇ ಇಂಥ ಮಾತು ತೆಗೆದು ಮುಜುಗರ ಮಾಡುವವರು ಇದ್ದಾರೆ, ಮಿದುಳಿಗೆ ಪೆಟ್ಟಾಗಿ ಹತೋಟಿ ತಪ್ಪಿ ಮೈ ಮುಟ್ಟುವವರೂ ಇದ್ದಾರೆ. ‘ಪೇಷಂಟು, ಸಹಿಸಿಕೋ’ ಅನ್ನುವುದು ತರಬೇತಿ ಅಲ್ಲ. ಪ್ರಶ್ನೆ ಯಾವುದು, ಕಿರುಕುಳ ಯಾವುದು ಅಂತ ಗುರುತಿಸುವುದು, ‘ಈ ಥರ ಮಾತಾಡಿದ್ರೆ ನಾನು ಎದ್ದು ಹೋಗ್ತೀನಿ’ ಅಂತ ನೇರವಾಗಿ ಹೇಳುವುದು, ಮೇಲಿನವರಿಗೆ ತಿಳಿಸುವುದು, ಇವೂ ಅದೇ ಪಾಠದ ಭಾಗವಾಗಬೇಕು. ಗಡಿ ಎಳೆಯಲು ಬರುವವಳಿಗೇ ಬಾಗಿಲು ತೆರೆಯುವ ಧೈರ್ಯ ಬರುವುದು. ನನಗೆ ಕಂಡ ಹಾಗೆ ಮನೆಯವರ ವಿರೋಧವೂ ಅರ್ಧ ಇದೇ ಭಯದ್ದು.

ಮಾತಾಡದೇ ಇದ್ದರೆ ಏನಾಗುತ್ತದೆ ಅನ್ನುವುದಕ್ಕೆ 1994ರ ಪುಣೆ ಸಾಕ್ಷಿ. ಶಿರೂರಿನ ಸರ್ಕಾರಿ ವಸತಿಗೃಹದಲ್ಲಿದ್ದ ಬುದ್ಧಿಮಾಂದ್ಯ ಹೆಣ್ಣುಮಕ್ಕಳಲ್ಲಿ ಹಲವರಿಗೆ ಸಸೂನ್ ಆಸ್ಪತ್ರೆಯಲ್ಲಿ ಗರ್ಭಕೋಶ ತೆಗೆದುಹಾಕಿದರು. ಕೊಟ್ಟ ಕಾರಣ ಏನು ಗೊತ್ತೇ? ಮುಟ್ಟಿನ ಸಮಯದಲ್ಲಿ ಅವರಿಗೆ ಸ್ವಚ್ಛತೆ ನೋಡಿಕೊಳ್ಳಲು ಬರುವುದಿಲ್ಲ. ಹೋರಾಟಗಾರರು ಗಲಾಟೆ ಮಾಡಿದ ಮೇಲೆ ನಿಂತಿತು. ಬಟ್ಟೆ ಬದಲಿಸುವುದನ್ನು ಒಂದೊಂದೇ ಹೆಜ್ಜೆಯಾಗಿ, ಚಿತ್ರ ತೋರಿಸಿ, ಮತ್ತೆ ಮತ್ತೆ ಮಾಡಿಸಿ ಕಲಿಸುವುದು ಆಕ್ಯುಪೇಷನಲ್ ಥೆರಪಿಯ ಮೊದಲ ಪಾಠ. ಅಂಗಿ ಗುಂಡಿ ಹಾಕಲು ಕಲಿಸಿದ ಹಾಗೆಯೇ ಪ್ಯಾಡ್ ಬದಲಿಸಲೂ ಎಷ್ಟೋ ಹುಡುಗಿಯರಿಗೆ ಕಲಿಸಬಹುದು. ತಿಂಗಳುಗ��್ಟಲೆ ಹಿಡಿಯುತ್ತದೆ, ಹಿಡಿಯಲಿ. ಪಾಠ ಮಾಡಬೇಕಾದ ಕಡೆ ಚಾಕು ಹಿಡಿದರು.

ಆಮೇಲೆ ಕಾನೂನು ಮುಂದೆ ಹೋಗಿದೆ, ಅದನ್ನು ಒಪ್ಪಬೇಕು. 2007ರಲ್ಲಿ ಭಾರತ ಅಂಗವಿಕಲರ ಹಕ್ಕುಗಳ ವಿಶ್ವಸಂಸ್ಥೆ ಒಡಂಬಡಿಕೆಯನ್ನು ಒಪ್ಪಿತು. 2009ರಲ್ಲಿ ಚಂಡೀಗಢದ ಆಶ್ರಯಗೃಹದಲ್ಲಿದ್ದ, ಅಲ್ಪ ಬುದ್ಧಿಮಾಂದ್ಯತೆಯ ಹೆಣ್ಣೊಬ್ಬಳ ಬಸಿರನ್ನು ಅವಳ ಒಪ್ಪಿಗೆ ಇಲ್ಲದೆ ತೆಗೆಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 10ನೇ ಸೆಕ್ಷನ್ ಪ್ರಕಾರ ಸಂತಾನ ಮತ್ತು ಕುಟುಂಬ ಯೋಜನೆಯ ಬಗ್ಗೆ ಸರಿಯಾದ ಮಾಹಿತಿ ಅವರಿಗೆ ಸಿಗುವಂತೆ ಸರ್ಕಾರ ನೋಡಿಕೊಳ್ಳಬೇಕು, ಅವರ ಸ್ವತಂತ್ರ ಒಪ್ಪಿಗೆಯಿಲ್ಲದೆ ಬಂಜೆತನ ತರುವ ಯಾವ ಚಿಕಿತ್ಸೆಯನ್ನೂ ಮಾಡುವಂತಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ, ಕಾಯಿಲೆಗೆ ಚಿಕಿತ್ಸೆ ಎಂಬ ಹೆಸರಲ್ಲಿ ಸಂತಾನಹರಣ ಮಾಡುವುದನ್ನು ನಿಷೇಧಿಸಿತು. ದೆಹಲಿಯ ತಾರ್ಷಿ ಸಂಸ್ಥೆ 2010ರಲ್ಲೇ ಭಾರತದ ಅಂಗವಿಕಲರು ಮತ್ತು ಲೈಂಗಿಕತೆಯ ಬಗ್ಗೆ ಒಂದು ಒಳ್ಳೆಯ ಬರಹ ತಂದಿತ್ತು, 2018ರಲ್ಲಿ ಪರಿಷ್ಕರಿಸಿತು. 2021ರಲ್ಲಿ ಬಂದ ಆರೋಗ್ಯ ಸಂಬಂಧಿ ವೃತ್ತಿಗಳ ಕಾಯ್ದೆಯಲ್ಲಿ ಆಕ್ಯುಪೇಷನಲ್ ಥೆರಪಿಯೂ ಸೇರಿತು. ಕಾಗದದ ಮೇಲೆ ಅನುಮತಿ ಸಿಕ್ಕಿದೆ. ‘ಮಾಹಿತಿ ಸಿಗಬೇಕು’ ಅಂತ ಕಾಯ್ದೆ ಹೇಳಿದರೆ ಸಾಲದು, ಅದನ್ನು ಯಾರೋ ಒಬ್ಬರು ಬಾಯಿಬಿಟ್ಟು ಹೇಳಬೇಕು, ಹೇಳುವ ಜಾಗವೂ ಬೇಕು. ಜನರಲ್ ವಾರ್ಡಿನಲ್ಲಿ ಮಂಚದಿಂದ ಮಂಚಕ್ಕೆ ಮೂರು ಅಡಿ, ಕೆಳಗೆ ಚಾಪೆ ಹಾಸಿಕೊಂಡು ಅವನ ಅಮ್ಮ ಕೂತಿರುತ್ತಾಳೆ. ಅಲ್ಲಿ ಯಾರು ಏನು ಕೇಳುತ್ತಾರೆ? ಗಾಲಿಕುರ್ಚಿ ತಳ್ಳಿಕೊಂಡು ಹೊರಗೆ ಮರದ ನೆರಳಿಗೆ ಹೋಗಿ ಮಾತಾಡುವುದು ಕೂಡ ಕಲಿಸಬೇಕಾದ ವಿದ್ಯೆಯೇ.

ಹಾಗಾದರೆ ಆ ಹುಡುಗಿ ಏನು ಹೇಳಬಹುದಿತ್ತು? ನಾನು ಯೋಚಿಸಿ ಒಂದು ವಾಕ್ಯ ಮಾಡಿದ್ದೇನೆ, ಆತ ಕೇಳುವ ಮೊದಲೇ, ಎಲ್ಲರಿಗೂ ಹೇಳುವಂಥದ್ದು. “ಅಣ್ಣಾ, ಮನೆಗೆ ಹೋದ್ಮೇಲೆ ಸ್ನಾನ, ಬಟ್ಟೆ, ಕೆಲಸ, ಗಂಡ-ಹೆಂಡ್ತಿ ಜೊತೆಗಿರೋದು, ಇದ್ರಲ್ಲಿ ಯಾವುದ್ರ ಬಗ್ಗೆ ಬೇಕಾದ್ರೂ ಕೇಳಿ. ಎಲ್ಲರೂ ಕೇಳ್ತಾರೆ. ನಂಗೆ ಗೊತ್ತಿಲ್ದಿದ್ರೆ ಗೊತ್ತಿರೋರ ಹತ್ರ ಕಳಿಸ್ತೀನಿ.” ಸ್ನಾನ, ಬಟ್ಟೆಗಳ ಸಾಲಿನಲ್ಲೇ ಅದನ್ನೂ ಸೇರಿಸಿ, ದನಿ ತಗ್ಗಿಸದೆ, ನಗದೆ ಹೇಳಬೇಕು.

‘ಗಂಡ-ಹೆಂಡತಿ ಜೊತೆಗಿರೋದು’ ಅನ್ನುವುದು ಪೂರ್ತಿ ಸರಿಯಾದ ಪದವಲ್ಲ, ಗೊತ್ತು. ಮದುವೆಯಾಗದವರನ್ನು ಅದು ಹೊರಗಿಡುತ್ತದೆ. ಇಪ್ಪತ್ತರ ಹುಡುಗನಿಗೆ, ಒಂಟಿ ಹೆಂಗಸಿಗೆ, ಗಂಡು ಗಂಡನ್ನೇ ಪ್ರೀತಿಸುವವನಿಗೆ ಬೇರೆ ಮಾತು ಬೇಕು. ನಮ್ಮ ಕಡೆ ‘ಸಂಸಾರ ಮಾಡೋದು’, ‘ಸೇರೋದು’ ಅಂತಾರೆ. ಧಾರವಾಡದ ಕಡೆ ‘ಬಾಳೇ ಮಾಡೋದು’ ಅನ್ನುವುದರಲ್ಲೂ ಈ ಅರ್ಥ ಅಡಗಿದೆಯೇ? ಕುಂದಾಪುರ, ಕಾಸರಗೋಡು, ಕೋಲಾರ, ಬೀದರಿನಲ್ಲಿ ಡಾಕ್ಟರ ಎದುರು ಕೂತ ವಯಸ್ಸಾದವರು ಇದನ್ನು ಹೇಗೆ ಸುತ್ತಿಬಳಸಿ ಕೇಳುತ್ತಾರೆ? ನಿಮ್ಮೂರಿನ ಪದಗಳನ್ನು ಬರೆದು ತಿಳಿಸಿ. ಬೈಗುಳ ಬೇಡ, ಸಂಸ್ಕೃತವೂ ಬೇಡ. ನಿಮ್ಮ ಅಜ್ಜಿ ಸೊಸೆಯ ಹತ್ತಿರ ಆಡುತ್ತಿದ್ದ ಮಾತು ಬೇಕು.